ಹೆಸರು ಹೇಳುವಂತಿಲ್ಲದ ಕಪ್ಪೆ

ಮೇಜಿನ ಮೇಲೆ ಸಾಲಾಗಿ ಐದು ಗಾಜಿನ ಶೀಶೆಗಳು. ಒಂದೊಂದರಲ್ಲೂ ಶೇಕಡಾ 70ರ ಆಲ್ಕೋಹಾಲಿನಲ್ಲಿ ಮುಳುಗಿದ ಒಂದೊಂದು ಕಪ್ಪೆ. ಎರಡು ಬೆರಳ ಅಗಲವನ್ನೂ ಮೀರದಷ್ಟು ಪುಟ್ಟವು. ಸೊಂಟಕ್ಕೆ ಬಿಳಿ ದಾರ, ದಾರದ ತುದಿಗೆ ಚೀಟಿ, ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಸಂಖ್ಯೆ. ಸಾಮಾನ್ಯ ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕದಡಿಹೋಗುತ್ತದೆ, ಪೆನ್ಸಿಲಿನ ಗೀಟು ತಲೆಮಾರು ಕಳೆದರೂ ನಿಲ್ಲುತ್ತದೆ. ಶೀಶೆಗಳ ಪಕ್ಕದಲ್ಲಿ ಒಂದು ಡಿಜಿಟಲ್ ಕ್ಯಾಲಿಪರ್, ಒಂದು ಸೂಕ್ಷ್ಮದರ್ಶಕ, ಮಳೆನೀರು ಕುಡಿದು ಉಬ್ಬಿ ಒಣಗಿದ ನೋಟ್‌ಬುಕ್ಕು, ಎರಡು ಲೋಟ ಕಷಾಯ. ಲ್ಯಾಪ್‌ಟಾಪಿನ ಪರದೆಯ ಮೇಲೆ ನಲವತ್ತು ಪುಟ ದಾಟಿದ ಪೇಪರು. ಇನ್ನೆರಡು ದಿನದಲ್ಲಿ ಅದು ಜರ್ನಲ್ಲಿಗೆ ಹೋಗಬೇಕು.

ಮಲೆನಾಡಿನ ಸೆರಗಿನಲ್ಲಿರುವ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗ ಇದು. ಹಂಚಿನ ಮಾಡಿನ ಮೇಲೆ ಬೆಳಗಿನಿಂದ ಒಂದೇ ಸಮನೆ ಮಳೆ. ಕರೆಂಟು ಹೋಗಿ ಬಂದು ಮಾಡುವುದರಿಂದ ಲ್ಯಾಪ್‌ಟಾಪಿಗೆ ಯುಪಿಎಸ್ ಕಟ್ಟಿದ್ದಾರೆ. ಪರದೆಯ ಮುಂದೆ ಕುಳಿತವಳು ಸಂಶೋಧನಾ ವಿದ್ಯಾರ್ಥಿನಿ. ಅವಳ ಎಡಕ್ಕೆ, ಕನ್ನಡಕವನ್ನು ಹಣೆಗೇರಿಸಿಕೊಂಡು ಮುದ್ರಿತ ಪ್ರತಿಯ ಮೇಲೆ ಕೆಂಪು ಪೆನ್ನು ಆಡಿಸುತ್ತಿರುವವರು ಅವಳ ಗೈಡು. ಅವಳಿಗೆ, ಊರಿನವರಿಗೆ, ಕಾಲೇಜಿನ ಜವಾನರಿಗೆ, ಎಲ್ಲರಿಗೂ ಅವರು ‘ಸರ್’. ಪಕ್ಕದ ಸ್ಟೂಲಿನಲ್ಲಿ ಕುಳಿತು ನೋಡಲು ನನಗೆ ಅನುಮತಿ ಸಿಕ್ಕಿದ್ದು ಒಂದು ಷರತ್ತಿನ ಮೇಲೆ. ಕಪ್ಪೆಗೆ ಇಡಲಿರುವ ಹೆಸರನ್ನು ಎಲ್ಲಿಯೂ ಬರೆಯಬಾರದು, ಯಾರಿಗೂ ಹೇಳಬಾರದು.

ಷರತ್ತು ಕೇಳಿ ನನಗೆ ಮೊದಲು ಅಚ್ಚರಿಯಾಯಿತು. ಸರ್ ವಿವರಿಸಿದ ಮೇಲೆ ಅದರ ತೂಕ ತಿಳಿಯಿತು. ಪ್ರಾಣಿಗಳಿಗೆ ಹೆಸರಿಡಲು ಜಗತ್ತಿಗೆಲ್ಲ ಒಂದೇ ಸಂಹಿತೆ ಇದೆ. ಜೀವಿಗಳನ್ನು ವರ್ಗೀಕರಿಸಿದ ಲಿನೇಯಸನ ಗ್ರಂಥದ ಹತ್ತನೆಯ ಆವೃತ್ತಿ ಬಂದ 1758 ಅದರ ಲೆಕ್ಕದ ಮೊದಲ ವರ್ಷ. ಸಂಹಿತೆಯ ಈಗಿನ ನಾಲ್ಕನೆಯ ಆವೃತ್ತಿ ಜಾರಿಗೆ ಬಂದದ್ದು 2000ದ ಜನವರಿ 1ರಂದು. ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಿರಬೇಕು, ಉಳಿದವುಗಳಿಂದ ಅದು ಹೇಗೆ ಬೇರೆ ಎಂದು ವಿವರಿಸಿರಬೇಕು, ಯಾವ ಒಂದು ದೇಹವನ್ನು ನೋಡಿ ಹೆಸರಿಟ್ಟದ್ದು ಮತ್ತು ಆ ದೇಹ ಯಾವ ಸಂಗ್ರಹಾಲಯದಲ್ಲಿ ಇರುತ್ತದೆ ಎಂದು ಬರೆದಿರಬೇಕು. ಇಷ್ಟೂ ಒಟ್ಟಿಗೆ ಪ್ರಕಟವಾದ ಕ್ಷಣದಲ್ಲಿ ಹೆಸರು ಹುಟ್ಟುತ್ತದೆ. ವಿವರಣೆಯಿಲ್ಲದೆ ಎಲ್ಲಾದರೂ ಅಚ್ಚಾದ ಹೆಸರಿಗೆ ಸಂಹಿತೆಯಲ್ಲಿ ಬೆಲೆಯಿಲ್ಲ. ಬೆಲೆಯಿಲ್ಲದಿದ್ದರೂ ಮುಂದೆ ಗೊಂದಲ ಮಾಡುವುದಕ್ಕೆ ಅದು ಸಾಕು. ಆದ್ದರಿಂದ ಶೀಶೆಯಲ್ಲಿರುವ ಈ ಕಪ್ಪೆ ಇಂದಿನ ಮಟ್ಟಿಗೆ ಬರಿಯ ಒಂದು ಸಂಖ್ಯೆ. ಅದಕ್ಕೆ ಹೆಸರು ಕೊಡುವ ಶಕ್ತಿ ಈ ನಲವತ್ತು ಚಿಲ್ಲರೆ ಪುಟಗಳಿಗೆ ಮಾತ್ರ ಇದೆ.

ಇದು ಪೊದೆಗಪ್ಪೆಗಳ ಕುಲಕ್ಕೆ ಸೇರಿದ್ದು. ಈ ಕುಲದ ಕಪ್ಪೆಗಳು ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ, ಅವಕ್ಕೆ ನೀರಲ್ಲಿ ಈಜುವ ಗೊದಮೊಟ್ಟೆಯ ಹಂತವೂ ಇಲ್ಲ. ಎಲೆಯ ಮೇಲೋ ತರಗೆಲೆಯ ಅಡಿಯಲ್ಲೋ ಇಟ್ಟ ಮೊಟ್ಟೆಯೊಳಗೇ ಬೆಳೆದು, ಕಾಲು ಮೂಡಿದ ಮರಿಯೇ ಹೊರಗೆ ಬರುತ್ತದೆ. ಗಂಡುಗಳು ಮುಂಗಾರಿನ ರಾತ್ರಿ ಎಲೆಯ ತುದಿಯಲ್ಲಿ ಕುಳಿತು ಕೂಗುತ್ತವೆ. ಘಟ್ಟದ ಒಂದು ಕಣಿವೆಯಲ್ಲಿ ಆ ಕೂಗು ಉಳಿದವಕ್ಕಿಂತ ಬೇರೆಯಾಗಿದೆ ಎಂದು ಮೊದಲು ಹೇಳಿದವರು ಅಲ್ಲಿನ ಅರಣ್ಯ ಇಲಾಖೆಯ ವಾಚರ್. ವಿದ್ಯಾರ್ಥಿನಿ ಅವರನ್ನು ಕರೆಯುವುದು ‘ವಾಚರಣ್ಣ’ ಎಂದು. ‘ಇದು ನಮ್ಮ ಗುಡ್ಡದ ಕಪ್ಪೆ ಕೂಗಿದ ಹಾಗಿಲ್ಲ, ಬಂದು ಕೇಳಿ’ ಎಂದು ಅವರು ಹೇಳಿಕಳಿಸಿದ್ದರಿಂದ ಈ ಕೆಲಸ ಶುರುವಾಯಿತು.

ಉಬ್ಬಿದ ನೋಟ್‌ಬುಕ್ಕನ್ನು ವಿದ್ಯಾರ್ಥಿನಿ ನನ್ನ ಮುಂದೆ ತೆರೆದಿಟ್ಟಳು. ಪುಟದ ತುಂಬ ಬಣ್ಣಗಳು. ಬೆನ್ನು ತುಕ್ಕಿನ ಕಂದು, ಭುಜದ ಮೇಲೆ ಕಪ್ಪು ಗುರುತು, ತೊಡೆಯ ಒಳಮೈ ಹಳದಿ, ಕಣ್ಣಿನ ಪಾಪೆಯ ಸುತ್ತ ಬಂಗಾರದ ಪುಡಿ ಚೆಲ್ಲಿದ ಬಣ್ಣ. ಶೀಶೆಯ ಕಪ್ಪೆಯನ್ನು ನೋಡಿದೆ. ಅದು ಮಾಸಲು ಬೂದು. ಆಲ್ಕೋಹಾಲು ಮೊದಲು ತಿನ್ನುವುದು ಬಣ್ಣವನ್ನು. ಹಾಗಾಗಿ ಸಿಕ್ಕ ರಾತ್ರಿಯೇ, ಹೆಡ್‌ಲ್ಯಾಂಪಿನ ಬೆಳಕಿನಲ್ಲಿ, ಜೀವ ಇರುವಾಗಲೇ ಬರೆದುಕೊಳ್ಳಬೇಕು, ಚಿತ್ರ ತೆಗೆಯಬೇಕು. ಪೇಪರಿನಲ್ಲಿ ‘ಜೀವಂತವಿರುವಾಗಿನ ಬಣ್ಣ’ ಮತ್ತು ‘ಸಂರಕ್ಷಿಸಿದ ಮೇಲಿನ ಬಣ್ಣ’ ಎಂದು ಎರಡು ಪ್ಯಾರಾಗಳು ಬೇರೆಯಾಗಿಯೇ ಇವೆ. ತೊಡೆಯ ಸ್ನಾಯುವಿನ ಚೂರೊಂದನ್ನೂ ಅದೇ ರಾತ್ರಿ ಅಚ್ಚ ಆಲ್ಕೋಹಾಲಿನಲ್ಲಿ ತೆಗೆದಿಟ್ಟಿದ್ದಾರೆ. ದೇಹ ಕೆಡದಂತೆ ಬಳಸುವ ಫಾರ್ಮಲಿನ್ ತಾಗಿದರೆ ಡಿಎನ್‌ಎ ಹಾಳಾಗುತ್ತದೆ. ಕಾಡಿನ ಕೆಲಸ ಮುಗಿದ ಮೇಲೆ ಬರವಣಿಗೆ ಶುರುವಾಗುತ್ತದೆ ಎಂದುಕೊಂಡಿದ್ದೆ. ಪೇಪರಿನ ಮೊದಲ ವಾಕ್ಯಗಳು ಹುಟ್ಟಿದ್ದು ಹಳ್ಳದ ದಂಡೆಯಲ್ಲಿ, ಜಿಗಣೆ ಕಾಲಿಗೆ ಹತ್ತಿಕೊಂಡಿರುವಾಗಲೇ.

ಈ ದಿನ ಅವರು ಅಳತೆಗಳನ್ನು ಮತ್ತೊಮ್ಮೆ ತಾಳೆ ನೋಡುತ್ತಿದ್ದಾರೆ. ಸರ್ ಕೋಷ್ಟಕ ಓದುತ್ತಾರೆ, ವಿದ್ಯಾರ್ಥಿನಿ ಕಪ್ಪೆಯನ್ನು ಶೀಶೆಯಿಂದ ತೆಗೆದು ತಟ್ಟೆಯಲ್ಲಿಟ್ಟು ಕ್ಯಾಲಿಪರ್ ಹಿಡಿಯುತ್ತಾಳೆ. ಮೂತಿಯ ತುದಿಯಿಂದ ಗುದದವರೆಗಿನ ಉದ್ದ. ತಲೆಯ ಅಗಲ. ಕಣ್ಣಿನ ವ್ಯಾಸ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವಿನ ಅಂತರ. ಕಿವಿಯ ತಮಟೆ. ಬೆರಳ ತುದಿಯ ಬಿಲ್ಲೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ. ಹೆಸರಿಗೆ ಆಧಾರವಾದ ಒಂದು ದೇಹವನ್ನು ಬಿಟ್ಟರೆ ಉಳಿದ ಮಾದರಿಗಳು ಪ್ಯಾರಾಟೈಪುಗಳು.

‘ಮೂರನೇ ಪ್ಯಾರಾಟೈಪ್, ತೊಡೆಯ ಉದ್ದ?’

‘ಹತ್ತು ಪಾಯಿಂಟ್ ಒಂಬತ್ತು, ಸರ್.’

‘ಟೇಬಲ್‌ನಲ್ಲಿ ಹನ್ನೊಂದು ಪಾಯಿಂಟ್ ಒಂಬತ್ತು ಅಂತಿದೆ.’

ಅವಳು ಇನ್ನೊಮ್ಮೆ ಅಳೆದಳು. ಹತ್ತು ಪಾಯಿಂಟ್ ಒಂಬತ್ತೇ. ನೋಟ್‌ಬುಕ್ಕಿನಲ್ಲೂ ಅಷ್ಟೇ ಇತ್ತು. ಟೈಪು ಮಾಡುವಾಗ ಒಂದು ಅಂಕಿ ಜಾರಿದೆ. ತಿದ್ದಿದ ಮೇಲೆ ಆ ಸಾಲಿನ ಸರಾಸರಿ ಬದಲಾಯಿತು. ಸರಾಸರಿ ಬದಲಾದದ್ದರಿಂದ ಹದಿನಾಲ್ಕನೆಯ ಪುಟದ ಒಂದು ವಾಕ್ಯ ಬದಲಾಯಿತು. ಹದಿನಾಲ್ಕನೆಯ ಪುಟದ ವಾಕ್ಯವನ್ನೇ ಇಪ್ಪತ್ತೊಂಬತ್ತನೆಯ ಪುಟದಲ್ಲಿ ಹೋಲಿಕೆಗೆ ಬಳಸಿದ್ದರಿಂದ ಅದನ್ನೂ ಹುಡುಕಿ ತಿದ್ದಿದರು. ಹೆಣಿಗೆಯಲ್ಲಿ ಒಂದು ಎಳೆ ಎಳೆದಂತೆ ಇಡೀ ಪೇಪರು ಅಲುಗಾಡಿತು. ಮುಕ್ಕಾಲು ಗಂಟೆ ಹೋಯಿತು. ಸರ್ ಮುಖದಲ್ಲಿ ಬೇಸರ ಇರಲಿಲ್ಲ. ‘ಉಳಿದ ನಾಲ್ಕನ್ನೂ ಅಳೆದುಬಿಡು’ ಎಂದರು.

ಇಷ್ಟು ಬಿಗಿ ಯಾಕೆ ಎಂದು ಕೇಳಬೇಕಾಗಲಿಲ್ಲ. ಅವರ ಬೆನ್ನ ಹಿಂದಿನ ಕಪಾಟಿನಿಂದ ಬೈಂಡು ಹಾಕಿಸಿದ ಒಂದು ಹಳೆಯ ಜೆರಾಕ್ಸ್ ಪ್ರತಿ ಹೊರಬಂತು. ಸಿ.ಆರ್. ನಾರಾಯಣ ರಾವ್ 1937ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪ್ರೊಸೀಡಿಂಗ್ಸ್‌ನಲ್ಲಿ ಪ್ರಕಟಿಸಿದ, ದಕ್ಷಿಣ ಭಾರತದ ಹೊಸ ಕಪ್ಪೆಗಳ ಪ್ರಬಂಧ ಅದು. ನಾರಾಯಣ ರಾವ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಹಳೆಯ ಮೈಸೂರು ಸಂಸ್ಥಾನದ ಮಲೆನಾಡಿನಿಂದ ತಂದ ಕಪ್ಪೆಗಳನ್ನು ಅಳೆದು, ವಿವರಿಸಿ, ಹೆಸರಿಟ್ಟು, ಮಾದರಿಗಳನ್ನು ಕಾಲೇಜಿನ ಸಂಗ್ರಹದಲ್ಲಿ ಇಟ್ಟಿದ್ದರು. ಆ ಶೀಶೆಗಳು ಇಂದು ಇಲ್ಲ, ಕಳೆದುಹೋಗಿವೆ. ಅವರು ಯಾವ ಕಪ್ಪೆಯನ್ನು ನೋಡಿ ಯಾವ ಹೆಸರಿಟ್ಟರು ಎಂದು ತಿಳಿಯಬೇಕಾದರೆ ಈಗ ಉಳಿದಿರುವ ಆಧಾರ ಅವರು ಬರೆದ ಪುಟಗಳಷ್ಟೇ. ಮುಂದಿನ ತಲೆಮಾರಿನವರು ಆ ಪುಟಗಳನ್ನು ಕೈಯಲ್ಲಿ ಹಿಡಿದು ಅದೇ ಗುಡ್ಡಗಳಲ್ಲಿ ಅದೇ ಕಪ್ಪೆಗಳನ್ನು ಮತ್ತೆ ಹುಡುಕಬೇಕಾಯಿತು. ವಿವರಣೆ ಬಿಗಿಯಾಗಿದ್ದ ಕಡೆ ಕಪ್ಪೆ ಸಿಕ್ಕಿತು, ಸಡಿಲವಾಗಿದ್ದ ಕಡೆ ವಾದ ಉಳಿಯಿತು.

‘ನಮ್ಮ ಶೀಶೆಗಳೂ ಒಂದು ದಿನ ಒಡೆಯಬಹುದು’ ಎಂದರು ಸರ್. ‘ಆಗ ಈ ಟೇಬಲ್ ಒಂದೇ ಗತಿ.’

ಅವರ ಮೇಜಿನ ಮೇಲಿನ ಕಪ್ಪೆಗೂ ನಾರಾಯಣ ರಾಯರಿಗೂ ಇನ್ನೊಂದು ನಂಟಿದೆ. 2010ರಲ್ಲಿ ಕಪ್ಪೆ ತಜ್ಞ ಬಿಜು ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಅತಿ ಎತ್ತರದ ಶಿಖರವಾದ ಆನೆಮುಡಿಯ ಒಂದು ಕಪ್ಪೆಯನ್ನು ವಿವರಿಸುವಾಗ, ಪೊದೆಗಪ್ಪೆಗಳಿಗೆ ಹೊಸದೊಂದು ಕುಲವನ್ನು ಕಟ್ಟಿ ಅದಕ್ಕೆ ರಾಯರ ನೆನಪಿನಲ್ಲಿ ‘ರಾವೋರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಆ ಲೇಖನ ಬಂದದ್ದು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. 1932ರಲ್ಲಿ ಬೆಂಗಳೂರಿನಲ್ಲಿ ಆ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರಾಗಿದ್ದವರು ನಾರಾಯಣ ರಾಯರೇ. ತಾನು ಸಂಪಾದಿಸಿ ಕಟ್ಟಿದ ಪತ್ರಿಕೆಯ ಪುಟದಲ್ಲಿ, ಎಪ್ಪತ್ತೆಂಟು ವರ್ಷಗಳ ಮೇಲೆ, ಅವರ ಹೆಸರು ಒಂದು ಕುಲದ ಹೆಸರಾಗಿ ಬಂತು. ಸರ್ ಇದನ್ನು ಹೇಳುವಾಗ ಆ ಜೆರಾಕ್ಸ್ ಪ್ರತಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಹೋಲಿಕೆಯ ಭಾಗ ಪೇಪರಿನ ಅತಿ ಉದ್ದದ ಭಾಗ. ಹೊಸದು ಎನ್ನಬೇಕಾದರೆ ಹಳೆಯವುಗಳೊಂದಿಗೆ ಒಂದೊಂದಾಗಿ ಎದುರುಬದುರು ನಿಲ್ಲಿಸಿ ತೋರಿಸಬೇಕು. ಇದರ ಗಾತ್ರ ಅದಕ್ಕಿಂತ ಕಿರಿದು, ಅದಕ್ಕೆ ತೊಡೆಯಲ್ಲಿ ಹಳದಿ ಇಲ್ಲ, ಇನ್ನೊಂದಕ್ಕೆ ಕಾಲ್ಬೆರಳ ನಡುವಿನ ಪೊರೆ ಹೆಚ್ಚು ಚಾಚಿದೆ. ಆ ಪೊರೆ ಎಷ್ಟು ಚಾಚಿದೆ ಎನ್ನುವುದಕ್ಕೇ ರೋಮನ್ ಅಂಕಿ, ಭಿನ್ನರಾಶಿಗಳ ಒಂದು ಸೂತ್ರವಿದೆ. ಓದಲು ಬಾರದವರಿಗೆ ಬೀಜಗಣಿತ, ಬಲ್ಲವರಿಗೆ ಕಪ್ಪೆಯ ಪಾದವೇ ಕಣ್ಣಮುಂದೆ. ಈ ಭಾಗದಲ್ಲಿ ಆವರಣ ಚಿಹ್ನೆಗೂ ಅರ್ಥವಿದೆ. ನಮ್ಮ ಅಂಗಳದ ನೆಲಗಪ್ಪೆಯ ಹೆಸರಿನ ಮುಂದೆ ‘(ಷ್ನೈಡರ್, 1799)’ ಎಂದು ಆವರಣದೊಳಗೆ ಬರೆಯುತ್ತಾರೆ. 1799ರಲ್ಲಿ ಷ್ನೈಡರ್ ಅದನ್ನು ಇಟ್ಟದ್ದು ಒಂದು ಕುಲದಲ್ಲಿ. ಇಂದು ಅದು ಭಾರತದ ಉಭಯಜೀವಿ ತಜ್ಞ ಎಸ್.ಕೆ. ದತ್ತ ಅವರ ಹೆಸರಿನ ‘ದತ್ತಾಫ್ರೈನಸ್’ ಎಂಬ ಬೇರೆ ಕುಲದಲ್ಲಿದೆ. ಮಲಬಾರದ ಹಾರುಗಪ್ಪೆಯ ಮುಂದೆ ‘ಜರ್ಡನ್, 1870’ ಎಂದಷ್ಟೇ, ಆವರಣವಿಲ್ಲ, ಏಕೆಂದರೆ ಜರ್ಡನ್ ಇಟ್ಟ ಕುಲದಲ್ಲೇ ಅದು ಇಂದಿಗೂ ಇದೆ. ವಿದ್ಯಾರ್ಥಿನಿಯ ಕರಡಿನಲ್ಲಿ ಇಂಥ ಒಂದು ಆವರಣ ಬಿಟ್ಟುಹೋಗಿತ್ತು. ಸರ್ ಕೆಂಪು ಪೆನ್ನು ಅಲ್ಲಿ ನಿಂತಿತು. ಎರಡು ಕಂಸ ಬಿದ್ದವು. ಇನ್ನೂರು ವರ್ಷದ ಇತಿಹಾಸ ಸರಿಯಾಯಿತು.

ಮಧ್ಯಾಹ್ನದ ಊಟದ ಮೇಲೆ ಚಿತ್ರಗಳ ಸರದಿ. ಕಪ್ಪೆಯ ಬೆನ್ನು, ಹೊಟ್ಟೆ, ಪಕ್ಕ, ಅಂಗೈ, ಅಂಗಾಲು, ಹೀಗೆ ಚಿತ್ರಗಳ ಒಂದು ಫಲಕ. ಪ್ರತಿ ಚಿತ್ರದ ಮೂಲೆಯಲ್ಲಿ ಅಳತೆಯ ಗೆರೆ ಇರಲೇಬೇಕು, ಇಲ್ಲವಾದರೆ ಹೆಬ್ಬೆರಳ ಗಾತ್ರದ ಕಪ್ಪೆಗೂ ಬೊಗಸೆ ತುಂಬುವ ಕಪ್ಪೆಗೂ ಓದುಗನಿಗೆ ವ್ಯತ್ಯಾಸ ತಿಳಿಯದು. ಚಿತ್ರಗಳು 300 ಡಿಪಿಐಗೆ ಕಡಿಮೆ ಇರಕೂಡದು ಎಂದು ಜರ್ನಲ್ಲಿನ ಸೂಚನೆ. ಬೆಳಕು ಚೆನ್ನಾಗಿ ಕಾಣಲೆಂದು ಒಂದು ಚಿತ್ರವನ್ನು ವಿದ್ಯಾರ್ಥಿನಿ ಸ್ವಲ್ಪ ಹೊಳಪು ಮಾಡಿದ್ದಳು. ಸರ್ ಮೂಲ ಚಿತ್ರವನ್ನೇ ಹಾಕಿಸಿದರು. ಇಡೀ ಚಿತ್ರವನ್ನು ಒಂದೇ ಸಮನಾಗಿ ಬೆಳಗಿಸಿದರೆ ತಪ್ಪಲ್ಲ, ಆದರೆ ತೊಡೆಯ ಹಳದಿಯೇ ಈ ಪ್ರಭೇದದ ಗುರುತು ಎಂದು ವಾದಿಸುವ ಪೇಪರಿನಲ್ಲಿ ಹಳದಿಯನ್ನು ಒಂದು ಕೂದಲಷ್ಟೂ ಮುಟ್ಟಕೂಡದು ಎಂಬುದು ಅವರ ನಿಲುವು. ನನಗೂ ಅದೇ ಸರಿ ಎನಿಸಿತು.

ಕೂಗಿನ ಚಿತ್ರ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ರಾತ್ರಿ ಮುದ್ರಿಸಿಕೊಂಡ ಕೂಗನ್ನು ತಂತ್ರಾಂಶವೊಂದು ಪರದೆಯ ಮೇಲೆ ಹರಡಿಡುತ್ತದೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಕಂಪನಾಂಕ, ನಡುವೆ ಕಪ್ಪು ಕಡ್ಡಿಗಳ ಸಾಲು. ಒಂದೊಂದು ಕಡ್ಡಿ ಒಂದೊಂದು ಮಿಡಿತ. ಪಕ್ಕದ ಗುಡ್ಡದ ಸಂಬಂಧಿಕ ಕಪ್ಪೆಯ ಕೂಗನ್ನು ಅದರ ಕೆಳಗೆ ಇಟ್ಟಾಗ ಕಡ್ಡಿಗಳ ಲೆಕ್ಕ, ನಡುವಿನ ಬಿಡುವು ಎರಡೂ ಬೇರೆ ಎಂದು ಕಣ್ಣಿಗೇ ಕಂಡಿತು. ವಾಚರಣ್ಣನ ಕಿವಿ ಹಿಡಿದಿದ್ದು ಇದನ್ನೇ. ಜೊತೆಗೆ ಆ ಹೊತ್ತಿನ ಗಾಳಿಯ ಉಷ್ಣಾಂಶವನ್ನೂ ಬರೆಯಬೇಕು. ಕಪ್ಪೆ ತಣ್ಣೆತ್ತರಿನ ಜೀವಿ, ಚಳಿ ಹೆಚ್ಚಿದಂತೆ ಅದರ ಮಿಡಿತ ನಿಧಾನವಾಗುತ್ತದೆ. ಉಷ್ಣಾಂಶ ಬರೆಯದ ಕೂಗಿನಿಂದ ಯಾವ ಹೋಲಿಕೆಯೂ ಸಿದ್ಧಿಸುವುದಿಲ್ಲ.

ನಕಾಶೆಯ ವಿಷಯದಲ್ಲಿ ಚರ್ಚೆ ನಡೆಯಿತು. ಅಕ್ಷಾಂಶ ರೇಖಾಂಶಗಳನ್ನು ಕೊನೆಯ ಅಂಕಿಯವರೆಗೆ ಕೊಟ್ಟರೆ ಮುಂದಿನ ಸಂಶೋಧಕರಿಗೆ ಅನುಕೂಲ, ಕಪ್ಪೆ ಹಿಡಿದು ಮಾರುವವರಿಗೂ ಅಷ್ಟೇ ಅನುಕೂಲ. ಒಂದೇ ಕಣಿವೆಯಲ್ಲಿ ಕಂಡಿರುವ ಜೀವಿ. ಕೊನೆಗೆ ಪೇಪರಿನಲ್ಲಿ ಸ್ಥಳವನ್ನು ದಶಮಾಂಶದ ಎರಡನೆಯ ಅಂಕಿಯವರೆಗೆ ಕೊಟ್ಟು, ನಿಖರ ಬಿಂದುವನ್ನು ಸಂಗ್ರಹಾಲಯದ ದಾಖಲೆಯಲ್ಲಿ ಇಡುವುದೆಂದು ತೀರ್ಮಾನವಾಯಿತು. ಜೀವವೈವಿಧ್ಯ ಕಾಯ್ದೆ, 2002ರ 39ನೆಯ ಕಲಮಿನ ಪ್ರಕಾರ ಹೊಸ ಪ್ರಭೇದ ಕಂಡವರು ಅದನ್ನು ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ ಮಾದರಿಯನ್ನು ಅಲ್ಲಿ ಒಪ್ಪಿಸಬೇಕು. ಈ ಐದು ಶೀಶೆಗಳು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯಕ್ಕೆ ಹೋಗಲಿವೆ. ಅಲ್ಲಿಂದ ಬಂದ ನೋಂದಣಿ ಸಂಖ್ಯೆಗಳನ್ನು ವಿದ್ಯಾರ್ಥಿನಿ ಪೇಪರಿನಲ್ಲಿ ತುಂಬಿದಳು. ಅರಣ್ಯ ಇಲಾಖೆಯ ಅನುಮತಿ ಪತ್ರದ ಸಂಖ್ಯೆ, ಡಿಎನ್‌ಎ ಭಂಡಾರವಾದ ಜೆನ್‌ಬ್ಯಾಂಕಿಗೆ ಸಲ್ಲಿಸಿದ 16ಎಸ್ ಜೀನಿನ ಸಂಖ್ಯೆ, ಪ್ರಾಣಿಗಳ ಹೆಸರುಗಳನ್ನು ದಾಖಲಿಸುವ ಜೂಬ್ಯಾಂಕಿನ ನೋಂದಣಿ ಸಂಖ್ಯೆ ಎಲ್ಲವೂ ಒಂದೊಂದಾಗಿ ಬಂದು ಕುಳಿತವು. ಕೇವಲ ಅಂತರ್ಜಾಲದಲ್ಲಿ ಪ್ರಕಟವಾಗುವ ಹೆಸರುಗಳಿಗೂ ಸಂಹಿತೆ 2012ರಿಂದ ಮಾನ್ಯತೆ ಕೊಟ್ಟಿದೆ. ಆದರೆ ಅದಕ್ಕೆ ಮೊದಲು ಜೂಬ್ಯಾಂಕಿನಲ್ಲಿ ದಾಖಲಾಗಿರಬೇಕು.

ಯಾವ ಜರ್ನಲ್ಲಿಗೆ ಕಳಿಸುವುದು ಎಂಬುದು ಮುಂಚೆಯೇ ಗೊತ್ತಾಗಿತ್ತು. ನ್ಯೂಜಿಲೆಂಡಿನಿಂದ 2001ರಲ್ಲಿ ಶುರುವಾದ ‘ಝೂಟ್ಯಾಕ್ಸ’. ಘಟ್ಟದ ಕಪ್ಪೆಗಳಿಗೆ ಅದು ಹಳೆಯ ಪರಿಚಯ. 2011ರಲ್ಲಿ ಒಂದೇ ಲೇಖನದಲ್ಲಿ ನಿಕ್ಟಿಬಟ್ರಾಕಸ್ ಕುಲದ ಹನ್ನೆರಡು ಹೊಸ ಕಪ್ಪೆಗಳು ಬಂದದ್ದು ಅಲ್ಲಿ. 2014ರಲ್ಲಿ ಕೆ.ವಿ. ಗುರುರಾಜ ಮತ್ತು ಸಂಗಡಿಗರು, ಮೊಟ್ಟೆಗಳಿಗೆ ಕೆಸರು ಮೆತ್ತುವ ಉತ್ತರ ಕನ್ನಡದ ಕಪ್ಪೆಗೆ ‘ಕುಂಬಾರ’ ಎಂದು ಹೆಸರಿಟ್ಟದ್ದೂ ಅಲ್ಲಿಯೇ. ಲೇಖಕರಿಂದ ಕಡ್ಡಾಯವಾಗಿ ದುಡ್ಡು ಕೇಳುವುದಿಲ್ಲ. ಹಳ್ಳಿಗಾಡಿನ ಕಾಲೇಜಿಗೆ ಅದು ದೊಡ್ಡ ವಿಷಯ. ಇಷ್ಟಿದ್ದರೂ 2020ರಲ್ಲಿ ಪತ್ರಿಕೆಗಳ ಪ್ರಭಾವಾಂಕ ಲೆಕ್ಕ ಹಾಕುವ ಕ್ಲಾರಿವೇಟ್ ಸಂಸ್ಥೆ, ಈ ಪತ್ರಿಕೆ ತನ್ನದೇ ಲೇಖನಗಳನ್ನು ಅತಿಯಾಗಿ ಉಲ್ಲೇಖಿಸುತ್ತದೆ ಎಂದು ಪಟ್ಟಿಯಿಂದ ಕೈಬಿಟ್ಟಿತ್ತು. ವರ್ಗೀಕರಣದ ವಿಜ್ಞಾನ ಹಳೆಯ ವಿವರಣೆಗಳನ್ನು ಬಿಟ್ಟು ನಡೆಯಲಾರದು, ಆ ವಿವರಣೆಗಳಲ್ಲಿ ಬಹುಪಾಲು ಅದೇ ಪತ್ರಿಕೆಯಲ್ಲಿದ್ದರೆ ಉಲ್ಲೇಖಿಸದೆ ಇನ್ನೇನು ಮಾಡಬೇಕು? ಜಗತ್ತಿನ ತಜ್ಞರು ದನಿಯೆತ್ತಿದ ಮೇಲೆ ಕೆಲವೇ ವಾರಗಳಲ್ಲಿ ಅದನ್ನು ಮತ್ತೆ ಸೇರಿಸಿದರು. ಸಂಖ್ಯೆಯೊಂದನ್ನು ಹಿಡಿದು ವಿದ್ಯೆಯನ್ನು ತೂಗುವ ಪದ್ಧತಿಯ ಬಗ್ಗೆ ನನಗೆ ಆ ಪ್ರಸಂಗ ಕೇಳಿದ ಮೇಲೆ ಸಿಟ್ಟು ಬಂದದ್ದು ನಿಜ. ವಿದ್ಯಾರ್ಥಿನಿಯ ಮೇಲ್‌ಬಾಕ್ಸಿನಲ್ಲಿ ಅದೇ ಹೊತ್ತಿಗೆ ಬೇರೆ ಆಹ್ವಾನಗಳೂ ಬಂದು ಬಿದ್ದಿದ್ದವು. ಹಣ ಕಟ್ಟಿದರೆ ನಾಲ್ಕು ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವಂಥವು. ಅವಳು ಅವನ್ನು ತೆರೆಯದೆ ಅಳಿಸಿದಳು.

ಸಂಜೆಗೆ ಲೇಖಕರ ಸಾಲು ಬಂತು. ಇಡೀ ದಿನದಲ್ಲಿ ದನಿ ಸ್ವಲ್ಪ ಏರಿದ್ದು ಆಗ ಮಾತ್ರ.

‘ವಾಚರಣ್ಣನ ಹೆಸರು ಕೃತಜ್ಞತೆಯಲ್ಲಿ ಸಾಕಾಗಲ್ಲ ಸರ್. ಅವರು ಲೇಖಕರೇ.’

‘ಲೇಖಕ ಅಂದ್ರೆ ಪೇಪರಿನ ಪ್ರತಿ ಸಾಲಿಗೂ ಜವಾಬ್ದಾರಿ ಹೊರಬೇಕು ಮಾರಾಯ್ತಿ. ಅವರಿಗೆ ಇಂಗ್ಲಿಷ್ ಬರಲ್ಲ. ನಾಳೆ ಯಾರಾದ್ರೂ ಕೇಳಿದ್ರೆ?’

‘ಕೂಗು ಗುರುತಿಸಿದ್ದು ಅವರು. ಮೊಟ್ಟೆ ಹುಡುಕಿಕೊಟ್ಟದ್ದು ಅವರು. ಎರಡು ಮಳೆಗಾಲ ನಮ್ಮ ಮುಂದೆ ನಡೆದು ದಾರಿ ತೋರಿಸಿದ್ದು ಅವರು. ಇಂಗ್ಲಿಷ್ ಬರಲ್ಲ ಅಂದ್ರೆ ನಾನು ಕನ್ನಡದಲ್ಲಿ ಓದಿ ಹೇಳ್ತೀನಿ. ಒಪ್ಪಿದ್ರೆ ಹೆಸರು ಹಾಕೋಣ.’

ಸರ್ ಸ್ವಲ್ಪ ಹೊತ್ತು ಮಳೆ ನೋಡಿದರು. ‘ಓದು ಹಾಗಾದ್ರೆ’ ಎಂದರು.

ಯಾರು ಯಾವ ಕೆಲಸ ಮಾಡಿದರು ಎಂದು ಹೇಳಲು ಹಲವು ಜರ್ನಲ್ಲುಗಳು ಈಗ ಹದಿನಾಲ್ಕು ಬಗೆಯ ಪಾತ್ರಗಳ ಒಂದು ಪಟ್ಟಿಯನ್ನು ಬಳಸುತ್ತವೆ. ವಿಷಯದ ಹೊಳಹು, ಕ್ಷೇತ್ರದ ಶೋಧ, ದತ್ತಾಂಶದ ನಿರ್ವಹಣೆ, ಮೊದಲ ಕರಡು ಇತ್ಯಾದಿ. ಆ ಪಟ್ಟಿಯನ್ನು ಇಟ್ಟುಕೊಂಡು ನೋಡಿದರೂ ವಾಚರಣ್ಣನಿಗೆ ಎರಡು ಪಾತ್ರಗಳು ಸಲ್ಲುತ್ತಿದ್ದವು. ಕಾಡು ತಿಳಿದವರಿಂದ ಕಾಡಿನ ತಿಳಿವನ್ನು ಪಡೆದು, ಅವರನ್ನು ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ‘ಕ್ಷೇತ್ರ ಸಹಾಯಕರು’ ಎಂದು ಮುಗಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದು ಬಂದ ರೂಢಿ. ಅದು ತಪ್ಪು ರೂಢಿ ಎಂದು ನಾನು ನಂಬಿದ್ದೇನೆ. ವಿದ್ಯಾರ್ಥಿನಿಯ ಹಟ ಕಂಡು ಖುಷಿಯಾಯಿತು.

ಮರುದಿನ ವಾಚರಣ್ಣ ಬಂದರು. ಪ್ಲಾಸ್ಟಿಕ್ ಕೊಪ್ಪೆಯನ್ನು ಜಗಲಿಯಲ್ಲಿ ಕೊಡವಿ ಹಾಕಿ, ಬೆಂಚಿನ ತುದಿಯಲ್ಲಿ ಕುಳಿತರು. ವಿದ್ಯಾರ್ಥಿನಿ ಪರದೆಯ ಇಂಗ್ಲಿಷನ್ನು ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋದಳು. ಅಳತೆಯ ಭಾಗದಲ್ಲಿ ಅವರು ಸುಮ್ಮನೆ ತಲೆಯಾಡಿಸಿದರು. ಕೂಗಿನ ಭಾಗ ಬಂದಾಗ, ಕತ್ತಲಾದ ಮೇಲೆ ಎಷ್ಟು ಹೊತ್ತಿಗೆ ಕೂಗು ಶುರುವಾಗುತ್ತದೆ ಎಂಬುದಕ್ಕೆ ‘ಮಳೆ ಬಿಟ್ಟ ದಿನ ಮಾತ್ರ’ ಎಂದು ಸೇರಿಸಿದರು. ಧೋ ಎಂದು ಸುರಿಯುವಾಗ ಅದು ಕೂಗುವುದಿಲ್ಲವಂತೆ. ನೋಟ್‌ಬುಕ್ಕಿನ ದಾಖಲೆಗಳನ್ನು ತೆರೆದು ನೋಡಿದರೆ ಮಾತು ಸರಿಯಾಗಿಯೇ ಇತ್ತು. ನೆಲೆಯ ಬಗೆಗಿನ ಪ್ಯಾರಾ ಓದುವಾಗ ಅವರು ಕೈ ಎತ್ತಿ ನಿಲ್ಲಿಸಿದರು.

‘ಮೊಟ್ಟೆ ಇದ್ದದ್ದು ಎಲ್ಲಿ ಅಂತ ಬರೆದೀರಿ?’

‘ಬಿದಿರಿನ ಎಲೆ ಮೇಲೆ, ಅಣ್ಣ.’

‘ಬಿದಿರಲ್ಲ ಅದು, ವಾಟೆ. ಹಳ್ಳದ ಬದಿಗೆ ಬಿದಿರು ಎಲ್ಲಿದೆ ಅಲ್ಲಿ?’

ಸರ್ ಕನ್ನಡಕ ಕಣ್ಣಿಗಿಳಿಸಿ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಗಂಟು, ಎಲೆಯ ಅಗಲ, ತೆಳ್ಳಗಿನ ಕಡ್ಡಿ. ವಾಟೆಯೇ. ಸಸ್ಯಶಾಸ್ತ್ರದಲ್ಲಿ ಅದು ಓಕ್ಲಾಂಡ್ರ ಎಂಬ ಬೇರೆಯೇ ಕುಲ. ತೊರೆಯಂಚಿನಲ್ಲಿ ದಟ್ಟವಾಗಿ ಬೆಳೆಯುತ್ತದೆ. ಬುಟ್ಟಿ ಚಾಪೆಗಳಿಗೆಂದು ಕಡಿಯುವುದೂ ಉಂಟು. ಕಪ್ಪೆ ಬಿದಿರನ್ನು ನೆಚ್ಚಿದೆ ಎಂದು ಬರೆದರೆ ಅದಕ್ಕೆ ಘಟ್ಟದ ತುಂಬ ಮನೆಯಿದೆ ಎಂದಾಗುತ್ತಿತ್ತು. ವಾಟೆಯನ್ನು ನೆಚ್ಚಿದೆ ಎಂದರೆ ಅದರ ಬದುಕು ಹಳ್ಳದ ಎರಡು ದಡಗಳಿಗೆ ಸೀಮಿತ. ಸಂರಕ್ಷಣೆಯ ಬಗೆಗಿನ ಇಡೀ ಪ್ಯಾರಾವನ್ನು ಅವರು ಕೂತಲ್ಲೇ ಹೊಸದಾಗಿ ಬರೆದರು. ವಾಚರಣ್ಣನ ಹೆಸರು ಮೂರನೆಯ ಲೇಖಕರಾಗಿ ಸೇರಿತು. ಲೇಖಕರ ಗುರುತಿಗೆ ಹದಿನಾರು ಅಂಕಿಗಳ ಆರ್ಕಿಡ್ ಸಂಖ್ಯೆ ಬೇಕಿತ್ತು. ಅದಕ್ಕೆ ಇಮೇಲ್ ಬೇಕು, ಅವರಿಗೆ ಇಮೇಲ್ ಇರಲಿಲ್ಲ. ಅವರ ಫೋನಿನಲ್ಲೇ ಒಂದು ವಿಳಾಸ ತೆರೆದರು. ಸಂಖ್ಯೆ ಬಂದಾಗ ಅವರು ಅದನ್ನು ಇಲಾಖೆಯ ಡೈರಿಯಲ್ಲಿ ಬರೆದುಕೊಂಡರು.

ಉಳಿದದ್ದು ಉಲ್ಲೇಖಗಳ ಪಟ್ಟಿ. ಪಠ್ಯದಲ್ಲಿ ಬಂದ ಪ್ರತಿಯೊಂದು ಹೆಸರೂ ಪಟ್ಟಿಯಲ್ಲಿರಬೇಕು, ಪಟ್ಟಿಯಲ್ಲಿರುವ ಪ್ರತಿಯೊಂದೂ ಪಠ್ಯದಲ್ಲಿ ಬಂದಿರಬೇಕು. ಝೊಟೆರೊ ತಂತ್ರಾಂಶ ಬಹುಪಾಲು ಕೆಲಸ ಮಾಡಿಕೊಟ್ಟಿತ್ತು. ಆದರೂ ಸರ್ ಓದುವುದು, ಅವಳು ಗೀಟು ಹಾಕುವುದು, ಹೀಗೆ ಒಂದೊಂದನ್ನೂ ಬಾಯಿಬಿಟ್ಟು ಓದಿ ತಾಳೆ ನೋಡಿದರು. ಬೌಲೆಂಜರ್ 1882. ಜರ್ಡನ್ 1870. ರಾವ್ 1937. ನಡುನಡುವೆ ಅಲ್ಪವಿರಾಮ, ಅಡ್ಡಗೆರೆ, ಓರೆ ಅಕ್ಷರ. ಹೊರಗಿನವರಿಗೆ ಬೇಸರ ತರಿಸುವ ಕೆಲಸ ಇರಬಹುದು. ನನಗೆ ಶ್ರಾದ್ಧದ ದಿನ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಕರೆಯುವುದನ್ನು ಕೇಳಿದಾಗ ಹುಟ್ಟುವ ಭಾವ ಬಂತು.

ರಾತ್ರಿ ಎಂಟರ ಹೊತ್ತಿಗೆ ಪೋರ್ಟಲ್ ತೆರೆಯಿತು. ಶೀರ್ಷಿಕೆ, ಸಾರಾಂಶ, ಸೂಚಕ ಪದಗಳು, ಸಂಪಾದಕರಿಗೆ ಪತ್ರ. ಬೇರೆಲ್ಲೂ ಕಳಿಸಿಲ್ಲ ಎಂಬ ಹೇಳಿಕೆ. ಪರಿಶೀಲಕರಾಗಬಲ್ಲವರ ಹೆಸರುಗಳನ್ನು ಸೂಚಿಸುವ ಜಾಗದಲ್ಲಿ ಸರ್ ತಮ್ಮ ಸ್ನೇಹಿತರನ್ನು ಬಿಟ್ಟು, ಇದೇ ಕುಲದ ಮೇಲೆ ಕೆಲಸ ಮಾಡಿದ, ತಾವು ಎಂದೂ ಭೇಟಿಯಾಗದ ಇಬ್ಬರನ್ನು ಸೂಚಿಸಿದರು. ಕಡತಗಳು ಒಂದೊಂದಾಗಿ ಏರಿದವು. ಚಿತ್ರಫಲಕ ಭಾರದ್ದು, ನೆಟ್‌ವರ್ಕ್ ತೆಳ್ಳಗೆ. ಕೊನೆಯಲ್ಲಿ ಯಂತ್ರ ಕಟ್ಟಿಕೊಟ್ಟ ಪಿಡಿಎಫ್ ಪ್ರತಿಯನ್ನು ಮೊದಲ ಪುಟದಿಂದ ಮತ್ತೊಮ್ಮೆ ಓದಿದರು. ಒಂದು ಕಡೆ ಡಿಗ್ರಿ ಚಿಹ್ನೆಯ ಜಾಗದಲ್ಲಿ ಚೌಕ ಬಂದು ಕೂತಿತ್ತು. ಅದನ್ನು ತಿದ್ದಿ ಮತ್ತೆ ಏರಿಸಿ ಒಪ್ಪಿಗೆಯ ಗುಂಡಿ ಒತ್ತಿದರು.

ಏಳನೆಯ ವಾರದಲ್ಲಿ ಪರಿಶೀಲಕರ ಅಭಿಪ್ರಾಯಗಳು ಬಂದವು. ಸ್ವೀಕರಿಸಬಹುದು, ತಿದ್ದುಪಡಿಗಳೊಂದಿಗೆ. ಸರ್ ನನಗೂ ಓದಲು ಕೊಟ್ಟರು. ಒಟ್ಟು ಇಪ್ಪತ್ತಮೂರು ಪ್ರಶ್ನೆಗಳು. ಎಡಗಾಲಿನ ಪೊರೆ ನಾಲ್ಕನೆಯ ಚಿತ್ರದಲ್ಲಿ ಸ್ಪಷ್ಟವಿಲ್ಲ, ಮತ್ತೆ ತೆಗೆಯಿರಿ. ಎರಡನೆಯ ಕೂಗಿನ ಉಷ್ಣಾಂಶ ಕೊಟ್ಟಿಲ್ಲ. ಹೆಸರಿನ ಕೊನೆಯ ಅಕ್ಷರ ಕುಲದ ಲಿಂಗಕ್ಕೆ ಹೊಂದುತ್ತದೆಯೇ ನೋಡಿ. ಉತ್ತರದ ಪತ್ರದಲ್ಲಿ ವಿದ್ಯಾರ್ಥಿನಿ ಪ್ರತಿ ಪ್ರಶ್ನೆಯನ್ನೂ ಬರೆದು, ಕೆಳಗೆ ಏನು ತಿದ್ದಿದ್ದೇವೆ, ಯಾವ ಪುಟದ ಯಾವ ಸಾಲಿನಲ್ಲಿ ಎಂದು ನಮೂದಿಸುತ್ತಿದ್ದಾಳೆ. ಎರಡನೆಯ ಪರಿಶೀಲಕರದು ಒಂದು ಪ್ರಶ್ನೆ ಹೀಗಿತ್ತು: ಮೊಟ್ಟೆಗಳು ವಾಟೆಯ ಮೇಲಿದ್ದವು ಎನ್ನುತ್ತೀರಿ, ಅದು ಸಾಮಾನ್ಯ ಬಿದಿರೇ ಇರಬಹುದಲ್ಲವೇ, ಗಿಡವನ್ನು ಗುರುತಿಸಿದವರು ಯಾರು? ಅದರ ಕೆಳಗೆ ಅವಳು ಬರೆದಳು: ಗುರುತಿಸಿದವರು ಮೂರನೆಯ ಲೇಖಕರು. ಗಿಡದ ಮಾದರಿಯನ್ನು ಒಣಗಿಸಿ ಸಂಗ್ರಹಕ್ಕೆ ಸೇರಿಸಿದ್ದೇವೆ, ಗಂಟು ಮತ್ತು ಎಲೆಯ ಚಿತ್ರ ಲಗತ್ತಿಸಿದೆ. ಆಮೇಲೆ ಫೋನು ಎತ್ತಿ ವಾಚರಣ್ಣನಿಗೆ ಹಚ್ಚಿ, ಕೂಗಿನ ಜಾಗಕ್ಕೆ ಥರ್ಮಾಮೀಟರ್ ತಗೊಂಡು ಇವತ್ತೇ ಬರುತ್ತೇನೆ, ಮಳೆ ಬಿಟ್ಟಿದೆಯಾ ಎಂದು ಕೇಳಿದಳು.